ಮೊದಲು ತಂತಿ ನೋಡು

ನೆಟ್ ಸರಿಯಿಲ್ಲ, ಕಂಪನಿ ಬದಲಾಯಿಸ್ತೀನಿ ಅಂದೆಯಲ್ಲ ಮಗ, ಬದಲಾಯಿಸು, ಬೇಡ ಅನ್ನೋದಿಲ್ಲ. ಆದರೆ ಯಾವ ಕಂಪನಿ ಅಂತ ಹುಡುಕೋ ಮುಂಚೆ ಬಾಗಿಲಾಚೆ ಬಂದು ತಲೆಯೆತ್ತಿ ಕಂಬ ನೋಡು. ಹುಣಸೂರಿರಲಿ, ಪಿರಿಯಾಪಟ್ಟಣವಿರಲಿ, ಹಳ್ಳಿಗಳಲ್ಲಿ ಕಂಬದಿಂದ ಮನೆಗೆ ತಂತಿ ಎಳೆಯೋನು ಎಷ್ಟೋ ಸಲ ಕೇಬಲ್ ಟಿವಿ ಹುಡುಗನೇ. ಬಿಎಸ್‌ಎನ್‌ಎಲ್ ಫೈಬರ್ ಕೂಡ ಹೆಚ್ಚಾಗಿ ಸ್ಥಳೀಯ ಪಾಲುದಾರರ ಕೈಯಿಂದಲೇ ಮನೆ ಸೇರೋದು. ಒಬ್ಬನೇ ಎರಡು ಕಂಪನಿಗೆ ಕೆಲಸ ಮಾಡೋದೂ ಉಂಟು. ತಂತಿಯೂ ಅದೇ, ಕಂಬ ಹತ್ತೋನೂ ಅವನೇ ಆದರೆ ನಿನಗೆ ಸಿಗೋದು ಹೊಸ ರಸೀದಿ ಮಾತ್ರ.

ಮನೆಗೆ ಬರೋದು ತಾಮ್ರವೋ, ಫೈಬರ್ ಅನ್ನೋ ಗಾಜಿನ ಎಳೆಯೋ ಅನ್ನೋದು ಮೊದಲ ಪ್ರಶ್ನೆ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದಾಗ ಅದು ಬಂದದ್ದು ಲ್ಯಾಂಡ್‌ಲೈನಿನ ತಾಮ್ರದ ಜೋಡಿ ತಂತಿಯ ಮೇಲೆಯೇ. ಆಗ 256 ಕೆಬಿಪಿಎಸ್ ಇದ್ದರೂ ಸರ್ಕಾರದ ಲೆಕ್ಕಕ್ಕೆ ಬ್ರಾಡ್‌ಬ್ಯಾಂಡ್. 2023ರಿಂದ ಕನಿಷ್ಠ 2 ಎಂಬಿಪಿಎಸ್ ಬೇಕು. ಕೆ.ಆರ್. ನಗರದ ಕಡೆ ನಾಲೆಯ ಕೊನೇ ಗದ್ದೆಗೆ ನೀರು ಸಣ್ಣಗಾಗೋ ಹಾಗೆ, ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ಆಚೆಯ ತೋಟದ ಮನೆಗೆ ತಾಮ್ರದಲ್ಲಿ ವೇಗ ಇಳಿದುಬಿಡುತ್ತದೆ. ಜಾಯಿಂಟಿಗೆ ಮಳೆನೀರು ಇಳಿದರೆ ಗೊರಗೊರ. ಸಿಡಿಲು ಅದೇ ತಂತಿ ಹಿಡಿದು ಮೋಡೆಮ್ಮಿಗೂ ಬರುತ್ತದೆ. ಫೈಬರಿನಲ್ಲಿ ಹರಿಯೋದು ಬೆಳಕು; 20 ಕಿಲೋಮೀಟರ್ ದೂರಕ್ಕೂ ವೇಗ ಕುಗ್ಗದೆ ಕೊಡಬಹುದು. ತಾಮ್ರದ ಒಂದು ಗುಣ ಮಾತ್ರ ಇದಕ್ಕಿಲ್ಲ. ಕರೆಂಟ್ ಹೋದರೂ ಹಳೇ ಫೋನು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಮಾತಾಡುತ್ತಿತ್ತು, ಫೈಬರ್ ಡಬ್ಬಿಗೆ ಮನೆಯ ಕರೆಂಟೇ ಬೇಕು. ರೂಟರಿಗೆ ಹಾಕುವ ಚಿಕ್ಕ ಯುಪಿಎಸ್ ಒಂದು ತಗೊಂಡುಬಿಡು.

ಎಲ್ಲರೂ ‘ಫೈಬರ್’ ಅಂತಲೇ ಮಾರುತ್ತಾರೆ, ನಿಜವೋ ಅಂತ ನೋಡಿಕೊ. ಸಣ್ಣ ತಂತಿ, ತುದಿಯಲ್ಲಿ ಹಸಿರು ಇಲ್ಲವೇ ನೀಲಿ ಪಿನ್ ಇದ್ದು ಅದು ಮನೆಯೊಳಗಿನ ಡಬ್ಬಿಗೆ ಸೇರಿದರೆ ಸರಿ. ಕಂಬದ ಡಬ್ಬಿಯಿಂದ ಕಂಪ್ಯೂಟರಿಗೆ ಹಾಕೋ ಲ್ಯಾನ್ ಕೇಬಲ್ ಇಳಿದಿದ್ದರೆ ಗಾಜು ಕಂಬದವರೆಗೆ ಮಾತ್ರ, ಕೊನೆಯದು ತಾಮ್ರವೇ. ಮಾಳಿಗೆ ಮೇಲೆ ಡಬ್ಬಿ ಕೂರಿಸೋ ಏರ್‌ಫೈಬರಿಗೆ ಹೆಚ್ಚಾಗಿ ಟವರಿನ 5ಜಿ ರೇಡಿಯೋ ಆಧಾರ. ಎಚ್.ಡಿ. ಕೋಟೆಯ ಕಾಡಂಚಿನ ಊರಲ್ಲಿದ್ದರೆ ಮೊದಲು ಫೋನಿನಲ್ಲಿ 5ಜಿ ಎಷ್ಟು ಗಟ್ಟಿ ಅಂತ ನೋಡಿಕೊ.

ಇನ್ನು ತಂತಿ ಎಳೆಯೋ ಹುಡುಗನನ್ನು ಕೇಳಬೇಕಾದ್ದು. 100 ಎಂಬಿಪಿಎಸ್ಸೋ 200 ಎಂಬಿಪಿಎಸ್ಸೋ ಅನ್ನೋದು ಆಮೇಲೆ. ರಸ್ತೆಗೋ ನೀರಿನ ಪೈಪಿಗೋ ಜೆಸಿಬಿ ಅಗೆದು ತಂತಿ ಕಿತ್ತುಹೋದಾಗ ಏನು ಮಾಡ್ತೀಯಪ್ಪ ಅಂತ ಕೇಳು. ಗಾಜಿನ ಎಳೆಯನ್ನು ತಿರುಚಿ ಟೇಪು ಸುತ್ತೋಕೆ ಬರೋದಿಲ್ಲ, ಸ್ಪ್ಲೈಸಿಂಗ್ ಮಷೀನಿನಲ್ಲಿ ಬೆಸೆಯಬೇಕು. ಮಷೀನು ಅವನ ಹತ್ತಿರವೇ ಇದೆಯೋ, ಮೈಸೂರಿಂದ ಬರಬೇಕೋ? ನನ್ನ ಮಟ್ಟಿಗೆ ಪ್ಲ್ಯಾನಿನ ಬೆಲೆಗಿಂತ ಈ ಉತ್ತರವೇ ದೊಡ್ಡದು. ಡಬ್ಬಿಯಲ್ಲಿ ಎಲ್‌ಒಎಸ್ ಕೆಂಪು ದೀಪ ಮಿನುಗಿದರೆ ಬೆಳಕು ಬರುತ್ತಿಲ್ಲ ಅಂತ. ಆಗ ರೂಟರ್ ಆಫ್-ಆನ್ ಮಾಡುತ್ತ ಕೂರಬೇಡ. ಕನೆಕ್ಷನ್ ಕೊಡುವಾಗಲೇ ಬೆಳಕಿನ ಬಲ ಅಳೆಯೋ ಪವರ್ ಮೀಟರ್ ಹಿಡಿಸು. ಮೈನಸ್ 20 ಡಿಬಿಎಂ ಆಸುಪಾಸಿದ್ದರೆ ಚೆನ್ನ, ಮೈನಸ್ 27 ದಾಟಿದರೆ ಎಲ್ಲೋ ಬೆಸುಗೆ ಕೆಟ್ಟಿರಬಹುದು, ಇಲ್ಲವೇ ಎಳೆ ಮಡಿಚಿಕೊಂಡಿರಬಹುದು. ಒಂದೇ ಎಳೆಯನ್ನು ಸ್ಪ್ಲಿಟರ್ ಹಾಕಿ 32 ಇಲ್ಲವೇ 64 ಮನೆಗೆ ಹಂಚಿರುತ್ತಾರೆ, ಹಾಗಾಗಿ ಪಕ್ಕದ ಮನೆಯವರಿಗೆ ರಾತ್ರಿ ಒಂಬತ್ತಕ್ಕೆ ಹೇಗಿರುತ್ತದೆ ಅಂತಲೂ ವಿಚಾರಿಸು.

ಸಿಮ್ಮಿನ ಹಾಗೆ ಬ್ರಾಡ್‌ಬ್ಯಾಂಡಿಗೆ ಪೋರ್ಟಿಂಗ್ ಇಲ್ಲ. ಹೊಸದು ಹಾಕಿಸಬೇಕು, ಹಳೆಯದನ್ನು ಬರವಣಿಗೆಯಲ್ಲಿ ರದ್ದು ಮಾಡಿಸಬೇಕು. ರದ್ದತಿ ಅರ್ಜಿಯ ಡಾಕೆಟ್ ನಂಬರ್ ಬರೆದಿಟ್ಟುಕೊ, ಮೋಡೆಮ್ ವಾಪಸ್ ಕೊಟ್ಟದ್ದಕ್ಕೆ ರಸೀದಿ ತಗೋ, ಠೇವಣಿ ಕೇಳಿ ಪಡೆದುಕೊ. ಅಜ್ಜಿಗೆ ಬಾಯಿಪಾಠವಾಗಿರೋ ಲ್ಯಾಂಡ್‌ಲೈನ್ ನಂಬರ್ ಉಳಿಯುತ್ತದೋ ಇಲ್ಲವೋ ಮುಂಚೆಯೇ ತಿಳಿದುಕೊ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂತಾರೆ, ಈಗಲೇ ಕಟ್ಟಬೇಡ. ಒಂದು ತಿಂಗಳು ಎರಡೂ ಇರಲಿ, ಒಂದು ಜೋರು ಮಳೆಯಾದರೂ ಆಗಿಹೋಗಲಿ, ಆಮೇಲೆ ಹಳೆಯದನ್ನು ಬಿಡು.