ಸಂಘದ ಹಳೆಯ ಸರ್ವರಿಗೆ ಎಂಥ ಬ್ಯಾಕಪ್ ಬೇಕು?



1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದಾಗ ಸದಸ್ಯರ ಷೇರು, ಸಾಲ, ಬಡ್ಡಿ ಎಲ್ಲವೂ ಲೆಕ್ಕದ ಪುಸ್ತಕದಲ್ಲಿದ್ದವು. ಇಂದು ಅವು ಕಂಪ್ಯೂಟರಿನಲ್ಲಿವೆ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಹೊಸ ವ್ಯವಸ್ಥೆಗೆ ಸೇರಿದ ಸಂಘದ ಲೆಕ್ಕ ದೂರದ ಕೇಂದ್ರದಲ್ಲಿ ಉಳಿಯುತ್ತದೆ. ಆದರೆ ಹಿಂದಿನ ವರ್ಷಗಳ ಖಾತೆ, ಗೊಬ್ಬರದ ದಾಸ್ತಾನು, ಸ್ಕ್ಯಾನ್ ಮಾಡಿದ ಸಾಲಪತ್ರಗಳು ಕಚೇರಿಯ ಹಳೆಯ ಸರ್ವರಿನಲ್ಲೇ ಇರಬಹುದು. ಎಲ್ಲ ಮೇಜುಗಳ ಲೆಕ್ಕವೂ ಬಂದು ಸೇರುವ ದೊಡ್ಡ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು.

ಈ ಯಂತ್ರ ಕೆಟ್ಟರೆ ನಷ್ಟ ಕಾರ್ಯದರ್ಶಿಯದಲ್ಲ, ನಿಮ್ಮದು. ಶೂನ್ಯ ಬಡ್ಡಿಯ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿದ್ದೀರೆಂದು ತೋರಿಸುವ ದಾಖಲೆಯೇ ಇಲ್ಲವಾದರೆ ಬಡ್ಡಿಯ ರಿಯಾಯಿತಿಗೂ ಸಂಚಕಾರ ಬಂದೀತು. ಆದುದರಿಂದ ಲೆಕ್ಕದ ಬೇರೆ ಪ್ರತಿ, ಅಂದರೆ ಬ್ಯಾಕಪ್, ಹೇಗಿರಬೇಕೆಂದು ಸದಸ್ಯರೆಲ್ಲರೂ ತಿಳಿದಿರಬೇಕು.

ಮೊದಲು ಎರಡು ಪ್ರಶ್ನೆ

ಬೆಲೆ ಕೇಳುವ ಮೊದಲು ಎರಡು ವಿಷಯ ತೀರ್ಮಾನಿಸಿರಿ. ಎಷ್ಟು ದಿನದ ಲೆಕ್ಕ ಹೋದರೆ ರಸೀದಿ ನೋಡಿ ಮತ್ತೆ ಬರೆಯಬಲ್ಲೆವು? ಎಷ್ಟು ದಿನ ಕಚೇರಿಯ ಕೆಲಸ ನಿಂತರೆ ತಡೆದುಕೊಳ್ಳಬಲ್ಲೆವು? ಒಂದು ದಿನದ ಲೆಕ್ಕವನ್ನಷ್ಟೇ ಮತ್ತೆ ಬರೆಯಬಲ್ಲಿರಾದರೆ ಪ್ರತಿದಿನ ಸಂಜೆ ಬ್ಯಾಕಪ್ ಆಗಬೇಕು.

ಯಾವುದು ಬ್ಯಾಕಪ್ ಅಲ್ಲ?

ಯುಪಿಎಸ್ ಬ್ಯಾಕಪ್ ಅಲ್ಲ. ಅದು ಕರೆಂಟು ಹೋದಾಗ ಸ್ವಲ್ಪ ಹೊತ್ತು ಯಂತ್ರ ನಡೆಸುತ್ತದೆ, ಅಷ್ಟೆ. ಸರ್ವರಿನೊಳಗೆ ಜೋಡಿ ಡಿಸ್ಕ್ ಇರುವುದೂ ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೆಲಸ ಮಾಡುತ್ತದೆ, ನಿಜ. ಆದರೆ ಒಂದು ಖಾತೆಯನ್ನು ಯಾರಾದರೂ ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಸುಡಬಹುದು.

ಮೂರು ದಾರಿಗಳು

ಒಂದು: ಹೊರಗಿನಿಂದ ಜೋಡಿಸುವ ಡಿಸ್ಕ್. ಖರ್ಚು ಕಡಿಮೆ, ಕಲಿಯುವುದು ಸುಲಭ. ಆದರೆ ಪ್ರತಿ ತೆಗೆದ ಮೇಲೆ ಬಿಚ್ಚಿಡಬೇಕು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ನೂರೈವತ್ತು ದೇಶಗಳಲ್ಲಿ ಕಂಪ್ಯೂಟರಿನ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಥ ವೈರಸ್ ಜೋಡಿಸಿಟ್ಟ ಡಿಸ್ಕನ್ನೂ ಬಿಡದು.

ಎರಡು: ಕಚೇರಿಯಲ್ಲೇ ಇರುವ ಪ್ರತ್ಯೇಕ ಸಂಗ್ರಹ ಪೆಟ್ಟಿಗೆ. ತಾನಾಗಿಯೇ ಪ್ರತಿ ತೆಗೆಯುತ್ತದೆ, ಬೇಗ ಹಿಂದಿರುಗಿಸುತ್ತದೆ. ಆದರೆ ಬೆಂಕಿ, ನೀರು, ಕಳ್ಳತನಕ್ಕೆ ಸರ್ವರಿನ ಜೊತೆಯಲ್ಲೇ ಸಿಕ್ಕಿಬಿಡುತ್ತದೆ.

ಮೂರು: ಇಂಟರ್ನೆಟ್ ಮೂಲಕ ದೂರದ ಕೇಂದ್ರದಲ್ಲಿ ಇಡುವುದು. ಇದು ಊರಿನ ಅನಾಹುತಕ್ಕೆ ಸಿಗದು. ಆದರೆ ಜಾವಳಿ, ಕಳಸದ ಕಡೆಯ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎಷ್ಟು ದಿನ ಕೈಕೊಡುತ್ತವೆಂದು ನಿಮಗೇ ಗೊತ್ತು. 100 ಜಿಬಿ ಮಾಹಿತಿಯನ್ನು ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಎಡೆಬಿಡದೆ ಕಳುಹಿಸಿದರೂ ಸುಮಾರು 44 ಗಂಟೆ ಬೇಕು. ಆಮೇಲೆ ದಿನದಿನದ ಬದಲಾವಣೆ ಮಾತ್ರ ಹೋಗುವುದರಿಂದ ಹೊರೆ ಕಡಿಮೆ.

ದೂರದ ಕೇಂದ್ರವನ್ನೊಂದೇ ನಂಬಲೂ ಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಕೇಂದ್ರ ಸುಟ್ಟಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದ ಹಲವರು ಎರಡನ್ನೂ ಕಳೆದುಕೊಂಡರು.

ನಮ್ಮ ಕಡೆಗೆ ತಕ್ಕದ್ದು

ಸಣ್ಣ ಸಂಘಕ್ಕೆ ಎರಡು ಡಿಸ್ಕಿನ ಪದ್ಧತಿ ಒಳ್ಳೆಯದು. ಈ ವಾರ ಒಂದರಲ್ಲಿ ಪ್ರತಿದಿನದ ಪ್ರತಿ ತೆಗೆಯಿರಿ. ಇನ್ನೊಂದು ಮೂಡಿಗೆರೆಯಂಥ ಬೇರೆ ಊರಿನ ಬ್ಯಾಂಕ್ ಲಾಕರಿನಲ್ಲಿರಲಿ. ಮುಂದಿನ ವಾರ ಅದಲು ಬದಲು ಮಾಡಿರಿ. ಮಳೆಗಾಲದ ಥಂಡಿಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿರಿ. ನೆಟ್‌ವರ್ಕ್ ಸಿಗುವ ಕಡೆ ದೂರದ ಕೇಂದ್ರವನ್ನೂ ಸೇರಿಸಿಕೊಳ್ಳಿರಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಊರ ಹೊರಗೆ ಎಂಬುದು ಬಲ್ಲವರು ಒಪ್ಪಿದ ನಿಯಮ.

ಯಂತ್ರ ಹಳೆಯದಾದುದರಿಂದ ಲೆಕ್ಕ ಒಂದೇ ಉಳಿದರೆ ಸಾಲದು. ಅದನ್ನು ತೆರೆಯುವ ತಂತ್ರಾಂಶ, ಅದರ ಪರವಾನಗಿ, ಪಾಸ್‌ವರ್ಡ್ ಸಹ ಉಳಿಯಬೇಕು. ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ, ಡಿಸ್ಕಿನಿಂದ ಬೇರೆಯಾಗಿ, ಅಧ್ಯಕ್ಷರ ಬಳಿ ಇಡುವುದು ಲೇಸು.

ಮೊಳಕೆ ನೋಡದೆ ನಂಬಬೇಡಿ

ಭತ್ತದ ಬೀಜವನ್ನು ಸಸಿಮಡಿಗೆ ಹಾಕುವ ಮೊದಲು 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, 80 ಆದರೂ ಮೊಳೆತವೇ ಎಂದು ಎಣಿಸುತ್ತೇವೆ. ಬ್ಯಾಕಪ್ಪಿಗೂ ಇದೇ ಪರೀಕ್ಷೆ ಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬರ ಕೈತಪ್ಪಿನಿಂದ ಮಾಹಿತಿ ಅಳಿಸಿತು. ಐದು ಬಗೆಯ ಏರ್ಪಾಟಿದ್ದರೂ ಒಂದೂ ನೆಟ್ಟಗಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಪಾಡಿತು. ಆದುದರಿಂದ ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಹತ್ತು ಸದಸ್ಯರ ಖಾತೆ ತೆರೆದು, ಪಾಸ್‌ಪುಸ್ತಕದೊಂದಿಗೆ ತಾಳೆ ನೋಡಬೇಕು. ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು.

ಮಹಾಸಭೆಯಲ್ಲಿ ಕೇಳಿರಿ

1. ಕೊನೆಯ ಬ್ಯಾಕಪ್ ಯಾವ ದಿನದ್ದು?
2. ಊರ ಹೊರಗಿನ ಪ್ರತಿ ಎಲ್ಲಿದೆ?
3. ಅದನ್ನು ತೆರೆದು ನೋಡಿದ್ದು ಯಾವಾಗ?

ಈ ಮೂರಕ್ಕೂ ಉತ್ತರ ಸಿಗದಿದ್ದರೆ ಅಂದೇ ಠರಾವು ಮಾಡಿ ಹಣ ಒದಗಿಸಿರಿ. ಏರ್ಪಾಟು ಆಗುವವರೆಗೆ ನಿಮ್ಮ ರಸೀದಿ, ಪಾಸ್‌ಪುಸ್ತಕಗಳನ್ನು ಜೋಪಾನವಾಗಿಡಿರಿ.

— ನಿಮ್ಮ ಗ್ರಾಮಸೇವಕ