ಅಕ್ಕಿ ಡಬ್ಬದ ಹಿಂದಿನ ಮಾತ್ರೆ

ಪ್ರೀತಿಯ ಮಗಳೇ,

ಐಸಿಎಂಆರ್‌ನ ವಿದ್ಯಾರ್ಥಿ ಸಂಶೋಧನೆಗೆ ಆಯ್ಕೆಯಾಗಿ, ಎರಡು ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಸುರಿಯರ ರಕ್ತಹೀನತೆಯ ಬಗ್ಗೆ ಕೆಲಸ ಮಾಡುತ್ತೀಯಂತೆ. ಸಂತೋಷ. ನೀನು ಕಳಿಸಿದ ಪ್ರಶ್ನಾವಳಿ ಓದಿದೆ. ನಲವತ್ತು ಪ್ರಶ್ನೆ, ಎಲ್ಲಕ್ಕೂ ಹೌದು, ಇಲ್ಲ ಎಂಬ ಎರಡೇ ಚೌಕ. ನನ್ನದೇ ಹಳೆಯ ತಪ್ಪು ನೆನಪಾಯಿತು.

ನಿನ್ನ ವಯಸ್ಸಿನಲ್ಲಿ ನಾನೂ ಇಂಥದ್ದೇ ಕಾಗದ ಹಿಡಿದು ಮನೆಮನೆ ಸುತ್ತಿದ್ದೆ. "ಕಬ್ಬಿಣದ ಮಾತ್ರೆ ದಿನಾ ತಗೋತೀರಾ?" ಎಂದರೆ ಎಲ್ಲರೂ "ಹೂಂ." ಮತ್ತೆ ರಕ್ತ ಏಕೆ ಏರಿಲ್ಲ ಎಂದು ಪುಸ್ತಕ ತಡಕುತ್ತಾ ಕೂತೆ. ಜೊತೆಗಿದ್ದ ನರ್ಸಮ್ಮ ನಕ್ಕು ಒಂದು ಅಡುಗೆಮನೆಗೆ ಕರೆದೊಯ್ದರು. ಅಕ್ಕಿ ಡಬ್ಬದ ಹಿಂದೆ ಒಡೆಯದ ಮಾತ್ರೆ ಶೀಟುಗಳು. "ಅದ ನುಂಗುದ್ರೆ ಮಗ ದಪ್ಪ ಆಯ್ತದೆ ಕಣವ್ವ, ಹೆರಿಗೆ ಕಷ್ಟ" ಎಂದಳು ಅತ್ತೆ. ಮಲ ಕಪ್ಪಗೆ ಹೋಗುತ್ತದೆ, ಭಯ ಎಂದಳು ಸೊಸೆ, ಮೆಲ್ಲಗೆ. ಎರಡಕ್ಕೂ ನನ್ನ ಕಾಗದದಲ್ಲಿ ಜಾಗವಿರಲಿಲ್ಲ. ಆಸ್ಪತ್ರೆಯಿಂದ ಬಂದವಳಿಗೆ ಬೇಜಾರಾಗದಿರಲಿ ಎಂದೇ ಅವರು "ಹೂಂ" ಅಂದಿದ್ದು.

ಎಷ್ಟು ಜನರಿಗೆ ರಕ್ತಹೀನತೆ ಎಂಬುದಕ್ಕೆ ಲೆಕ್ಕ ಈಗಾಗಲೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8. ನೀನು ಹೋಗುತ್ತಿರುವುದು 'ಏಕೆ' ಎಂದು ತಿಳಿಯಲಿಕ್ಕೆ. ಇದೇ ಪ್ರಶ್ನೆ ಹಿಡಿದು 1928ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಬೊಂಬಾಯಿಗೆ ಬಂದು ಬಟ್ಟೆ ಗಿರಣಿಯ ಬಸುರಿ ಕೂಲಿಕಾರರು ಏನು ತಿನ್ನುತ್ತಾರೆ ಎಂದು ನೋಡಿದರು. ಅಂಥ ಬಸುರಿಯರ ರಕ್ತಹೀನತೆ ಈಸ್ಟ್ ಸಾರದಿಂದ ವಾಸಿಯಾಗುವುದನ್ನು ತೋರಿಸಿದರು. ನಮ್ಮ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವ ಫೋಲಿಕ್ ಆಮ್ಲದ ಕಥೆ ಶುರುವಾದದ್ದು ಅಲ್ಲಿಂದ.

ಆದ್ದರಿಂದ ಮೊದಲ ವಾರ ಕಾಗದ ಚೀಲದಲ್ಲೇ ಇರಲಿ. ಆಶಾ ಕಾರ್ಯಕರ್ತೆಯ ಹಿಂದೆ ಸುಮ್ಮನೆ ನಡೆ. ಯಾವ ಮನೆಗೆ ಯಾವ ಹೊತ್ತಿಗೆ ಹೋಗಬೇಕೆಂದು ಆಕೆಗೆ ಗೊತ್ತು. ಆಮೇಲೆ "ತಗೋತೀರಾ?" ಎನ್ನುವ ಬದಲು "ನಿನ್ನೆ ತಗೊಂಡ್ರಾ? ಶೀಟು ತೋರಿಸ್ತೀರಾ? ಊಟ ಆದ ತಕ್ಷಣ ಟೀ ಕುಡೀತೀರಾ?" ಎಂದು ಕೇಳು. ಊಟದ ಬೆನ್ನಿಗೆ ಕುಡಿದ ಟೀ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಗೊಡುವುದಿಲ್ಲ. ಸೊಸೆಯನ್ನು ಅತ್ತೆಯ ಎದುರು ಕೇಳಬೇಡ; ಅತ್ತೆಯನ್ನು ಕೇಳದೆಯೂ ಬರಬೇಡ.

ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಬರೆದುಕೊಳ್ಳುತ್ತೀಯ. 7ಕ್ಕಿಂತ ಕೆಳಗಿಳಿದಿದ್ದರೆ ಬರೆಯುವುದು ಆಮೇಲೆ. ಆಗಿಂದಾಗಲೇ ವೈದ್ಯರಿಗೆ ತಿಳಿಸು, ದೊಡ್ಡಾಸ್ಪತ್ರೆಗೆ ಹೋಗಲು ಆಕೆಗೆ ಗಾಡಿ ಸಿಕ್ಕಿತೇ ನೋಡು.

ವರದಿ ದೆಹಲಿಗೆ ಹೋಗುವ ಮುಂಚೆ, ಯಾರ ಹೆಸರನ್ನೂ ಎತ್ತದೆ, ಅದೇ ಕೇಂದ್ರದ ಜಗಲಿಯಲ್ಲಿ ಕೂತು ಆ ಹೆಂಗಸರಿಗೆ ಕನ್ನಡದಲ್ಲಿ ಓದಿ ಹೇಳು. ಯಾರಾದರೂ "ಹಂಗಲ್ಲ ಕಣವ್ವ" ಅಂದರೆ, ಪೆನ್ನು ತೆಗೆದುಕೋ.

ಇತಿ,
ನಿನ್ನ ದೊಡ್ಡಮ್ಮ