‘ಇನ್ನೆರಡು ಕೈ ಎಲ್ಲಿ?’: ಕಾರ್ಬೀನ್ ಪಾಠದ ಒಂದು ಅನುಭವ

ದ್ವಿತೀಯ ಪಿ.ಯು. ತರಗತಿಯಲ್ಲಿ ನನ್ನ ಬೋಧನಾಭ್ಯಾಸದ ಪಾಠ ರೀಮರ್-ಟೀಮನ್ ಕ್ರಿಯೆ. ಫೀನಾಲ್, ಕ್ಲೋರೋಫಾರ್ಮ್, ಸೋಡಿಯಂ ಹೈಡ್ರಾಕ್ಸೈಡ್‌ಗಳಿಂದ ಸ್ಯಾಲಿಸಿಲಾಲ್ಡಿಹೈಡ್ ಸಿಗುತ್ತದೆ ಎಂದು ಸಮೀಕರಣ ಬರೆದು ಮುಗಿಸಬಹುದಿತ್ತು. ಅದು ಹೇಗೆ ನಡೆಯುತ್ತದೆಂದು ತೋರಿಸುವ ಹುಮ್ಮಸ್ಸಿನಲ್ಲಿ ಮುಂದುವರಿದೆ. ಪ್ರತ್ಯಾಮ್ಲವು ಕ್ಲೋರೋಫಾರ್ಮಿನಿಂದ ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ, ಉಳಿದ ಋಣ ಅಯಾನು ಒಂದು ಕ್ಲೋರೈಡನ್ನು ಬಿಟ್ಟುಕೊಡುತ್ತದೆ, ಸಿಗುವುದು ಡೈಕ್ಲೋರೋಕಾರ್ಬೀನ್ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ: “ಸರ್, ಇಂಗಾಲಕ್ಕೆ ನಾಲ್ಕು ಕೈ ಅಂತ ಮೊದಲನೇ ದಿನ ನೀವೇ ಹೇಳಿದ್ರಿ. ಇಲ್ಲಿ ಎರಡೇ ಇವೆ. ಇನ್ನೆರಡು ಕೈ ಎಲ್ಲಿ?”

“ಅದು ನಿಮ್ಮ ಸಿಲಬಸ್‌ನಲ್ಲಿ ಇಲ್ಲ” ಎಂದು ಕೂರಿಸಿಬಿಟ್ಟೆ. ಪಾಠ ವೀಕ್ಷಿಸುತ್ತಿದ್ದ ನಮ್ಮ ಉಪನ್ಯಾಸಕರು ನನ್ನ ಪುಸ್ತಕದಲ್ಲಿ ಆ ಪ್ರಶ್ನೆಯೊಂದನ್ನೇ ಬರೆದು ಕೆಳಗೆ ಗೆರೆ ಎಳೆದಿದ್ದರು.

ರಾತ್ರಿ ಕೂತು ಯೋಚಿಸಿದಾಗ ತಪ್ಪು ನನ್ನ ಹೋಲಿಕೆಯಲ್ಲೇ ಇದೆ ಎನಿಸಿತು. ಎಣಿಸಬೇಕಾದದ್ದು ಕೈಗಳನ್ನಲ್ಲ, ಎಲೆಕ್ಟ್ರಾನುಗಳನ್ನು.

ಮರುದಿನ ಪಾಠಯೋಜನೆಯನ್ನು ಬದಿಗಿಟ್ಟು ಅಲ್ಲಿಂದಲೇ ಶುರುಮಾಡಿದೆ. ಇಂಗಾಲದ ಹೊರಕವಚದ ನಾಲ್ಕು ಎಲೆಕ್ಟ್ರಾನುಗಳಲ್ಲಿ ಎರಡು ಬಂಧಗಳಿಗೆ ಹೋದವು, ಎರಡು ಉಳಿದವು. ಕ್ಲೋರಿನ್‌ಗಳ ಪಾಲೂ ಸೇರಿ ಇಂಗಾಲದ ಸುತ್ತ ಆರು. ಅಷ್ಟಕಕ್ಕೆ ಎರಡು ಕಡಿಮೆ, ಆದರೂ ವಿದ್ಯುದಂಶವಿಲ್ಲ. ಉಳಿದ ಎರಡಕ್ಕೆ ಇರುವ ಆರ್ಬಿಟಲ್‌ಗಳೂ ಎರಡು: ಒಂದು ಅಣುವಿನ ಸಮತಲದಲ್ಲಿ, ಇನ್ನೊಂದು ಅದಕ್ಕೆ ಲಂಬವಾಗಿ. ಎರಡೂ ಎಲೆಕ್ಟ್ರಾನುಗಳು ಸಮತಲದ ಆರ್ಬಿಟಲ್‌ನಲ್ಲೇ ಜೋಡಿಯಾದರೆ ಸಿಂಗ್ಲೆಟ್. ಒಂದೊಂದರಲ್ಲಿ ಒಂದೊಂದು, ಒಂದೇ ಸ್ಪಿನ್ನಿನಲ್ಲಿ ಇದ್ದರೆ ಟ್ರಿಪ್ಲೆಟ್. ಅತಿ ಸರಳ ಕಾರ್ಬೀನ್ ಆದ ಮೆಥಿಲೀನ್‌ಗೆ ಟ್ರಿಪ್ಲೆಟ್ಟೇ ಕಡಿಮೆ ಶಕ್ತಿಯ ಸ್ಥಿತಿ. ಅದರಲ್ಲಿ ಬಂಧಕೋನ ಸುಮಾರು 134 ಡಿಗ್ರಿ, ಸಿಂಗ್ಲೆಟ್‌ನಲ್ಲಿ ಸುಮಾರು 102. ಡೈಕ್ಲೋರೋಕಾರ್ಬೀನ್‌ನಲ್ಲಿ ಹಾಗಲ್ಲ. ಕ್ಲೋರಿನ್ ತನ್ನ ಒಂಟಿ ಜೋಡಿಯನ್ನು ಖಾಲಿ ಆರ್ಬಿಟಲ್‌ನತ್ತ ಸ್ವಲ್ಪ ಚಾಚುವುದರಿಂದ ಸಿಂಗ್ಲೆಟ್ ಗೆಲ್ಲುತ್ತದೆ. ಆದರೂ ಕೊರತೆ ಪೂರ್ತಿ ತೀರುವುದಿಲ್ಲ. ಅದಕ್ಕೇ ಅದು ಎಲೆಕ್ಟ್ರಾನ್ ಸಮೃದ್ಧವಾದ ಫೀನಾಕ್ಸೈಡ್ ಉಂಗುರದ ಮೇಲೆ ಬೀಳುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಅಷ್ಟೆ. ಜೇಡಿಮಣ್ಣಿನ ಉಂಡೆ, ಬೆಂಕಿಕಡ್ಡಿಗಳಲ್ಲಿ ಸಿಸ್-2-ಬ್ಯೂಟೀನ್ ಮಾಡಿಸಿ, ಕಾರ್ಬೀನ್ ಸೇರಿದರೆ ಏನಾಗುತ್ತದೆಂದು ಮೊದಲೇ ಊಹಿಸಿ ಬರೆಯಲು ಹೇಳಿದೆ. ಸಿಂಗ್ಲೆಟ್ ಎರಡು ಬಂಧಗಳನ್ನೂ ಒಟ್ಟಿಗೇ ಕಟ್ಟುತ್ತದೆ. ಮೂರು ಇಂಗಾಲದ ಉಂಗುರದಲ್ಲಿ ಸಿಸ್ ಸಿಸ್ ಆಗಿಯೇ ಉಳಿಯುತ್ತದೆ. ಟ್ರಿಪ್ಲೆಟ್ ಒಂದು ಬಂಧ ಕಟ್ಟಿ, ಸ್ಪಿನ್ ತಿರುಗುವವರೆಗೆ ಕಾಯಬೇಕು. ಅಷ್ಟರಲ್ಲಿ ಹಳೆಯ ದ್ವಿಬಂಧದ ಜಾಗದಲ್ಲಿ ಕಡ್ಡಿ ತಿರುಗಬಹುದು, ಮಿಶ್ರಣ ಸಿಗುತ್ತದೆ. ಕಡ್ಡಿಯನ್ನು ಕೈಯಾರೆ ತಿರುಗಿಸಿದ ಮೇಲೆ ಊಹೆ ತಪ್ಪಿದವರೂ ಕಾರಣ ಹೇಳಿದರು. 1956ರಲ್ಲಿ ಸ್ಕೆಲ್ ಮತ್ತು ಗಾರ್ನರ್ ಡೈಬ್ರೋಮೋಕಾರ್ಬೀನನ್ನು ಎರಡೂ ಬಗೆಯ 2-ಬ್ಯೂಟೀನ್‌ಗಳಿಗೆ ಸೇರಿಸಿ ಕಂಡದ್ದು ಆಕಾರ ಬದಲಾಗದ ಉಂಗುರಗಳನ್ನೇ.

ಇನ್ನೊಂದು ತಿದ್ದುಪಡಿಯೂ ಬೇಕಾಯಿತು. ಹಿಂದಿನ ದಿನ “ಕಾರ್ಬೀನ್ ಕ್ಷಣಕಾಲವಷ್ಟೇ ಬದುಕುತ್ತದೆ” ಎಂದಿದ್ದೆ. 1991ರಲ್ಲಿ ಆರ್ಡುಯೆಂಗೊ ತಂಡ ಒಂದು ಕಾರ್ಬೀನನ್ನು ಹರಳಾಗಿಯೇ ಬೇರ್ಪಡಿಸಿತ್ತು. ಅಲ್ಲಿ ಕ್ಲೋರಿನ್ ಕೆಲಸವನ್ನು ಪಕ್ಕದ ಎರಡು ನೈಟ್ರೋಜನ್‌ಗಳು ಇನ್ನೂ ಚೆನ್ನಾಗಿ ಮಾಡುತ್ತವೆ. ಎರಡು ಬದಿಯ ದಪ್ಪ ಗುಂಪುಗಳು ಕಾವಲಿಗಿವೆ.

ವಾರದ ಕಿರುಪರೀಕ್ಷೆಯಲ್ಲಿ ಆ ಹುಡುಗ ಉತ್ತರದ ಪಕ್ಕ ಚಿತ್ರ ಬರೆದಿದ್ದ. ನಾಲ್ಕು ಕೈಯ ಇಂಗಾಲ: ಸಿಂಗ್ಲೆಟ್‌ನಲ್ಲಿ ಎರಡು ಕೈ ಪರಸ್ಪರ ಹಿಡಿದುಕೊಂಡಿವೆ, ಟ್ರಿಪ್ಲೆಟ್‌ನಲ್ಲಿ ಎರಡೂ ಬೇರೆಬೇರೆ ಜೋತುಬಿದ್ದಿವೆ. ಖಾಲಿ ಆರ್ಬಿಟಲ್ ಎಲ್ಲೂ ಇಲ್ಲ. ಅಂಕ ಕೊಟ್ಟು, ಪಕ್ಕದಲ್ಲಿ ‘ಖಾಲಿ ಜಾಗ ಎಲ್ಲಿ?’ ಎಂದು ಬರೆದೆ.